ಮೂರೇ ಸೆಕೆಂಡು

ಇವತ್ತು ಕಾರು ಓಡಿಸುತ್ತಿದ್ದಾಗ ಪಕ್ಕದ ಸೀಟಿನಲ್ಲಿದ್ದ ಮೊಬೈಲ್ ಟಿಂಗ್ ಅಂದಿತು. ಸುಮ್ನೆ ಒಂದು ಸಲ ಕಣ್ಣು ಹಾಯಿಸಿದೆ, ಅಷ್ಟೇ. ತಲೆ ಎತ್ತಿದರೆ ಮುಂದಿನ ಗಾಡಿಯ ಕೆಂಪು ದೀಪ ಮುಖಕ್ಕೇ ಬಂದಿತ್ತು. ಬ್ರೇಕ್ ಮೇಲೆ ಎದ್ದು ನಿಂತೆ ಅಂತಲೇ ಹೇಳಬೇಕು. ಗೇಣು ಜಾಗ ಉಳಿದಿತ್ತು.

ಮೊಬೈಲ್ ಸೀಟಿನಿಂದ ಜಾರಿ ಕೆಳಗೆ ಬಿತ್ತು. ಅಲ್ಲಿಂದಲೇ ಇನ್ನೊಂದು ಸಲ ಟಿಂಗ್ ಅಂದಿತು. ನಾಚಿಕೆಯೇ ಇಲ್ಲ ಅದಕ್ಕೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ನಾನು ಆ ಕಡೆ ನೋಡಿದ್ದು ಮೂರು ಸೆಕೆಂಡು ಇರಬಹುದು. 50 ಮೀಟರ್! ಅಷ್ಟು ದೂರ ಕಣ್ಣು ಮುಚ್ಚಿಕೊಂಡು ಓಡಿಸು ಅಂತ ಯಾರಾದರೂ ಹೇಳಿದ್ದರೆ ಬೈದು ಕಳಿಸುತ್ತಿದ್ದೆ.

ಕೈಯಲ್ಲಿ ಹಿಡಿಯದೆ ಮಾತಾಡಿದರೆ ಏನೂ ಆಗಲ್ಲ ಅಂತ ವಾದಿಸಿದವನೂ ನಾನೇ. ಕೈ ಸ್ಟೀರಿಂಗ್ ಮೇಲಿದ್ದರೂ ಮನಸ್ಸು ಮಾತಿನ ಹಿಂದೆಯೇ ಓಡುತ್ತದೆ, ಅಲ್ವಾ? ಪಕ್ಕದಲ್ಲಿ ಕೂತವರಾದರೆ ರಸ್ತೆ ನೋಡಿ ಬಾಯಿ ಮುಚ್ಚುತ್ತಾರೆ. ಫೋನಿನಲ್ಲಿರುವವರಿಗೆ ಏನು ಕಾಣುತ್ತದೆ?

ಅಂದಹಾಗೆ, ಬಂದಿದ್ದ ಮೆಸೇಜ್: ಯಾವುದೋ ಗ್ರೂಪಿನಲ್ಲಿ ಯಾರೋ ಎತ್ತಿದ್ದ ಹೆಬ್ಬೆರಳು.