ಕೇರಳದಲ್ಲಿ ಓದಿದ್ದು ಅಂತೀರಿ, ಮತ್ತೆ ಕನ್ನಡ ಎಲ್ಲಿ ಕಲಿತ್ರಿ?

ಬೆಂಗಳೂರಿಗೆ ಬಂದ ಮೇಲೆ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಊರು ಯಾವುದು ಅಂತ ಕೇಳ್ತಾರೆ, ಕಾಸರಗೋಡು ಅಂತೇನೆ, ‘ಓ ಕೇರಳಾನಾ, ಆದ್ರೂ ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ, ಎಲ್ಲಿ ಕಲಿತ್ರಿ?’ ಅಂತಾರೆ. ಶಾಲೆಯಲ್ಲಿ ಅಂದ್ರೆ ಇನ್ನೂ ಗಲಿಬಿಲಿ. ಯಾವ ಶಾಲೆ? ಊರಿನ ಶಾಲೆ. ಅದು ಕೇರಳದಲ್ಲಲ್ವಾ? ಹೌದು, ಕೇರಳದಲ್ಲೇ. ಅಲ್ಲಿಗೆ ಅವರು ಸುಮ್ಮನಾಗಿ ನನ್ನ ಮುಖ ನೋಡ್ತಾರೆ, ಇನ್ನು ಇವನು ಗಡಿನಾಡ ಕನ್ನಡಿಗರ ಕಣ್ಣೀರಿನ ಕಥೆ ಶುರು ಮಾಡ್ತಾನೆ ಅಂತ ಕಾಯ್ತಾರೆ ಅಂತ ಕಾಣ್ತದೆ. ನನ್ನ ಹತ್ರ ಇರೋದು ಬರೀ ಶಾಲೆಯ ಕಥೆ.

ಮೊದಲು ಇತಿಹಾಸ ಮುಗಿಸಿಬಿಡ್ತೇನೆ, ಬೇಗ. ಕಾಸರಗೋಡು ತಾಲೂಕು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಆಗ ಜಿಲ್ಲೆ ಮದ್ರಾಸಿಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆ ಆದಾಗ ಜಿಲ್ಲೆ ಮೈಸೂರಿಗೆ ಹೋಯ್ತು, ಈ ತಾಲೂಕು ಮಾತ್ರ ಕೇರಳಕ್ಕೆ. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗವನ್ನು ಮೈಸೂರಿಗೆ ಕೊಡಬೇಕು ಅಂತ ಗಡಿ ವಿವಾದ ನೋಡ್ಲಿಕ್ಕೆ ನೇಮಿಸಿದ ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಆಗಲಿಲ್ಲ. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆ ಆಯ್ತು. ಅಷ್ಟೆ. ನನ್ನ ಊರು ಪೆರ್ಲದಿಂದ ಒಳಗೆ, ಅಡ್ಕಸ್ಥಳದಲ್ಲಿ ಗಡಿ ದಾಟಿದ್ರೆ ಅಡ್ಯನಡ್ಕ, ವಿಟ್ಲ. ಸೋದರತ್ತೆಯ ಮನೆ ವಿಟ್ಲದಲ್ಲಿ. ಬೇರೆ ರಾಜ್ಯಕ್ಕೆ ಹೋಗ್ತಾ ಇದ್ದೇವೆ ಅಂತ ಮನೆಯಲ್ಲಿ ಒಬ್ಬರೂ ಒಂದು ದಿನ ಹೇಳಿದ್ದಿಲ್ಲ, ಅತ್ತೆ ಮನೆಗೆ ಹೋಗ್ತಿದ್ದೆವು ಅಷ್ಟೆ.

ಇನ್ನು ಉತ್ತರಕ್ಕೆ ಬರ್ತೇನೆ. ನಮ್ಮ ಮನೆಭಾಷೆ ತುಳು. ಪಕ್ಕದ ಮನೆಯವರು ಹವ್ಯಕರು, ಅವರ ಕನ್ನಡವೇ ಬೇರೆ. ಗುಡ್ಡೆಯ ಆಚೆ ಮರಾಟಿ ಮಾತಾಡುವವರು, ಪೇಟೆಯಲ್ಲಿ ಕೊಂಕಣಿಯವರ ಜೀನಸು ಅಂಗಡಿ, ಮೀನು ತರುವ ಬ್ಯಾರಿ ಕಾಕ, ರಬ್ಬರ್ ಹಾಕ್ಲಿಕ್ಕೆ ಅಂತ ತೆಂಕಿನಿಂದ ಬಂದು ಜಾಗ ತಗೊಂಡ ಮಲಯಾಳಿ ಕುಟುಂಬಗಳು. ಇಷ್ಟೂ ಮನೆಗಳ ಮಕ್ಕಳು ಬೆಳಿಗ್ಗೆ ಹತ್ತು ಗಂಟೆಗೆ ಒಂದೇ ಬೆಂಚಿನಲ್ಲಿ ಕೂತು ಕನ್ನಡ ಓದ್ತಿದ್ದೆವು. ಅಂದ್ರೆ ನಮ್ಮಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ಪುಸ್ತಕದ ಕನ್ನಡ ಅಮ್ಮನಿಂದ ಬಂದದ್ದೇ ಅಲ್ಲ, ಮಾಷ್ಟ್ರಿಂದ ಬಂದದ್ದು, ಅದೂ ಕೇರಳ ಸರಕಾರ ಅಚ್ಚು ಹಾಕಿಸಿದ ಪಠ್ಯಪುಸ್ತಕದಿಂದ. ಇದನ್ನು ಹೇಳಿದ್ರೆ ಬೆಂಗಳೂರಿನ ಗೆಳೆಯರಿಗೆ ನಂಬಿಕೆ ಬರೋದಿಲ್ಲ. ನಾವು ಕನ್ನಡ ಕಲಿತದ್ದು ಕೇರಳದಿಂದ ಮಾರಾಯ್ರೆ!

ಶಾಲೆಗೆ ನಡ್ಕೊಂಡೇ ಹೋಗ್ಬೇಕಿತ್ತು. ಅಡಿಕೆ ತೋಟದ ಬದಿಯಲ್ಲಿ ಇಳಿದು, ತೋಡು ದಾಟಿ, ಆಮೇಲೆ ಗುಡ್ಡೆ ಹತ್ತಬೇಕು. ತೋಡಿಗೆ ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ, ಜೂನ್ ಒಂದಕ್ಕೆ ಶಾಲೆ ಶುರು, ಮಳೆಯೂ ಸಾಧಾರಣ ಅದೇ ಹೊತ್ತಿಗೆ, ಹೊಸ ಕೊಡೆ ಹೊಸ ಚೀಲ ಹಿಡ್ಕೊಂಡು ಪಾಚಿ ಹಿಡಿದ ಸಂಕದ ಮೇಲೆ ನಡೆಯೋದು ಅಂದ್ರೆ ಒಂದನೇ ಕ್ಲಾಸಿನ ಮೊದಲ ಪರೀಕ್ಷೆಯೇ ಅದು. ದೊಡ್ಡ ಮಕ್ಕಳು ಆಚೆ ದಡದಲ್ಲಿ ನಿಂತು ಕೈ ಕೊಡ್ತಿದ್ರು. ನೀರು ಸಂಕದ ಮಟ್ಟಕ್ಕೆ ಬಂದ್ರೆ ಯಾರೂ ರಜೆ ಕೊಡಬೇಕು ಅಂತಿರ್ಲಿಲ್ಲ, ನಾವೇ ವಾಪಸು. ಈಗ ಜಿಲ್ಲಾಧಿಕಾರಿ ಹಿಂದಿನ ರಾತ್ರಿಯೇ ರಜೆ ಘೋಷಣೆ ಮಾಡ್ತಾರೆ, ಎಲ್ಲರ ಫೋನಿಗೂ ಬರ್ತದೆ.

ಗುಡ್ಡೆ ಹತ್ತುವಲ್ಲಿ ಒಂದು ಸುರಂಗ ಇತ್ತು. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ನಮ್ಮ ಕಡೆ ಬಿಟ್ರೆ ಹೆಚ್ಚಿನವರು ಇದನ್ನು ನೋಡಿಯೇ ಇಲ್ಲ. ಬಾವಿ ಕೆಳಗೆ ತೋಡ್ತಾರಲ್ಲ, ಸುರಂಗ ಅಡ್ಡಕ್ಕೆ, ಗುಡ್ಡೆಯ ಹೊಟ್ಟೆಯ ಒಳಗೆ. ಮುರಕಲ್ಲಿನ ಗುಡ್ಡೆಯನ್ನು ಪಿಕ್ಕಾಸಿನಲ್ಲಿ ಕೊರೀತಾ ಹೋಗೋದು, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಒಬ್ಬ ಕೊರೀತಾನೆ, ಇನ್ನೊಬ್ಬ ಮಣ್ಣು ಹೊರಗೆ ಹಾಕ್ತಾನೆ, ಒಳಗೆ ಕ್ಯಾಂಡಲ್ ಹಚ್ಚಿಡ್ತಾರೆ, ಅದು ಆರಿತು ಅಂದ್ರೆ ಗಾಳಿ ಇಲ್ಲ ಅಂತ ಲೆಕ್ಕ, ಹೊರಗೆ ಬರಬೇಕು. ಒರತೆ ಸಿಕ್ಕಿದ ಮೇಲೆ ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬಂದು ಕೆರೆಗೆ ಬೀಳ್ತದೆ, ಕೆರೆಯಿಂದ ತೋಟಕ್ಕೆ. ನಮ್ಮ ದಾರಿಯ ಸುರಂಗದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರ್ತಿತ್ತು, ಬಾಯಿಗೆ ಬೊಗಸೆ ಹಿಡಿದು ಕುಡಿದ್ರೆ ಏಪ್ರಿಲಿನಲ್ಲೂ ಹಲ್ಲು ಜುಂ ಅನ್ನುವಷ್ಟು ತಂಪು. ಒಳಗೆ ಬಾವಲಿ ಇರ್ತದೆ ಅಂತ ಗೊತ್ತಿದ್ದೂ ಒಬ್ಬರನ್ನೊಬ್ಬರು ದೂಡುವುದು ಇದ್ದದ್ದೇ. ಈಗ ಬೋರ್‌ವೆಲ್ ಬಂದು ಎಷ್ಟೋ ಸುರಂಗಗಳನ್ನು ನೋಡ್ಕೊಳ್ಳುವವರೇ ಇಲ್ಲ. ನೆಲದಡಿಯ ನೀರನ್ನು ಎಳೆದು ತೆಗೆಯುವ ಬುದ್ಧಿಗಿಂತ ಹರಿದು ಬಂದದ್ದರಲ್ಲಿ ಸುಧಾರಿಸುವ ಬುದ್ಧಿ ದೊಡ್ಡದು ಅಂತ ನನಗನ್ನಿಸ್ತದೆ, ಆದ್ರೆ ಬೆಂಗಳೂರಿನಲ್ಲಿ ಟ್ಯಾಂಕರ್ ನೀರು ಕುಡಿಯುವ ನಾನು ಅದನ್ನು ಊರಿನವರಿಗೆ ಹೇಳ್ಲಿಕ್ಕೆ ಹೋದ್ರೆ ಬೈಗಳು ಗ್ಯಾರಂಟಿ.

ಮಧ್ಯಾಹ್ನ ಗಂಜಿ ಮತ್ತು ಹೆಸರುಕಾಳು. ಕುಚ್ಚಿಲಕ್ಕಿಯ ಗಂಜಿ, ಚೀಲದಲ್ಲಿ ಪುಸ್ತಕದ ಜೊತೆ ಬಟ್ಟಲೂ ಒಯ್ಯಬೇಕು, ಮನೆಯಿಂದ ತಂದ ಮಾವಿನ ಮಿಡಿ ಉಪ್ಪಿನಕಾಯಿ ಹಂಚ್ಲಿಕ್ಕೆ ಉಂಟು. ಗಂಜಿ ಬೇಯಿಸುವ ಅಕ್ಕನಿಗೆ ಯಾವ ಮನೆಯಲ್ಲಿ ಬೆಳಿಗ್ಗೆ ಒಲೆ ಉರಿದಿಲ್ಲ ಅಂತ ಸರಿಯಾಗಿ ಗೊತ್ತಿರ್ತಿತ್ತು, ಆ ಮಕ್ಕಳ ಬಟ್ಟಲಿಗೆ ಕೇಳದೆಯೇ ಇನ್ನೊಂದು ಸೌಟು.

ಪಾಠದ ವಿಷಯಕ್ಕೆ ಬಂದ್ರೆ ಅದು ಪೂರಾ ಕೇರಳ, ಬರೀ ಅಕ್ಷರ ಕನ್ನಡ. ಕೇರಳದಲ್ಲಿ 44 ನದಿ, 41 ಪಶ್ಚಿಮಕ್ಕೆ ಹರಿಯುವುದು, ಮೂರು ಪೂರ್ವಕ್ಕೆ, ಕಬಿನಿ ಭವಾನಿ ಪಂಬಾರ್, ಇದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೇನೆ. ನಾರಾಯಣ ಗುರುಗಳು, ಪಳಶ್ಶಿರಾಜ, 1924ರ ವೈಕಂ ಸತ್ಯಾಗ್ರಹ ಎಲ್ಲ ಕನ್ನಡದಲ್ಲಿ ಬಾಯಿಪಾಠ. ಕರ್ನಾಟಕದಲ್ಲಿ ಎಷ್ಟು ಜಿಲ್ಲೆ ಅಂತ ಮಂಗಳೂರಿನ ಕಾಲೇಜಿಗೆ ಸೇರಿದ ಮೇಲೇ ಗೊತ್ತಾದದ್ದು. ನವೆಂಬರ್ ಒಂದು ಇನ್ನೂ ತಮಾಷೆ. ಗಡಿಯಾಚೆ ರಾಜ್ಯೋತ್ಸವ, ರಜೆ, ಕೆಂಪು ಹಳದಿ ಬಾವುಟ. ಈಚೆ ಅದೇ ದಿನ ಕೇರಳ ಪಿರವಿ, ರಜೆ ಇಲ್ಲ, ಅಸೆಂಬ್ಲಿಯಲ್ಲಿ ಒಬ್ಬ ಹುಡುಗ ಕೇರಳದ ಹುಟ್ಟಿನ ಬಗ್ಗೆ ಅಚ್ಚಗನ್ನಡದಲ್ಲಿ ಭಾಷಣ ಮಾಡ್ಬೇಕು. ನಾನೂ ಮಾಡಿದ್ದೇನೆ. ಊರಿನ ಹಿರಿಯರಿಗೆ ಅದು ಕಾಸರಗೋಡು ಕೈತಪ್ಪಿದ ದಿನ, ನಮಗೆ ಭಾಷಣ ಮುಗಿದ ಮೇಲೆ ಮಿಠಾಯಿ ಸಿಗುವ ದಿನ.

ರಜೆ ಮಾತ್ರ ದೊಡ್ಡ ಸಮಸ್ಯೆ. ನಮಗೆ ಓಣಂಗೆ ಹತ್ತು ದಿನ, ಕ್ರಿಸ್ಮಸ್ಸಿಗೆ ಹತ್ತು ದಿನ, ಆ ರಜೆಗಳ ಮೊದಲು ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ. ವಿಟ್ಲದ ಅತ್ತೆ ಮಕ್ಕಳಿಗೆ ಅಕ್ಟೋಬರಿನಲ್ಲಿ ಉದ್ದ ದಸರಾ ರಜೆ. ಅವರು ನಮ್ಮಲ್ಲಿಗೆ ಬಂದಾಗ ನಾವು ಶಾಲೆಗೆ ಹೋಗ್ಬೇಕು, ನಾವು ಅಲ್ಲಿಗೆ ಹೋದಾಗ ಅವರು ಯೂನಿಫಾರ್ಮ್ ಹಾಕಿ ಹೊರಟಿರ್ತಾರೆ. ರಾಜ್ಯದ ಗಡಿ ಅಂತ ನನ್ನ ಬಾಲ್ಯಕ್ಕೆ ನಿಜವಾಗಿ ತಾಗಿದ್ದು ಇದೊಂದೇ. ಏಪ್ರಿಲ್ ಮೇಯಲ್ಲಿ ಇಬ್ಬರಿಗೂ ರಜೆ, ಆಗ ಗೇರುಹಣ್ಣು, ಕುಂಟಾಲ, ಹಲಸು, ಬೀಜ ಹೆಕ್ಕಿ ಮಾರಿ ಐಸ್‌ಕ್ಯಾಂಡಿ, ಹೆಚ್ಚು ಬರೆಯುವುದಿಲ್ಲ, ಕರಾವಳಿಯವರೆಲ್ಲ ಇದನ್ನೇ ಬರೆದು ಮುಗಿಸಿದ್ದಾರೆ.

ಯೂತ್ ಫೆಸ್ಟಿವಲ್ ಬಗ್ಗೆ ಬರೀಬೇಕು. ಈಗ ಕಲೋತ್ಸವ ಅಂತಾರೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಅಂತ ಕರ್ನಾಟಕದವರಿಗೆ ಹೇಳಿ ನೋಡಿ, ಹುಬ್ಬೇರಿಸ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮ ಜಿಲ್ಲೆಯಲ್ಲೇ ಇರೋದು ಅಂತ ನೆನಪಿದ್ರೆ ಆಶ್ಚರ್ಯ ಪಡ್ಲಿಕ್ಕೆ ಏನೂ ಇಲ್ಲ. ಗಮ್ಮತ್ತು ಏನಂದ್ರೆ ತೆಂಕಿನ ಜಿಲ್ಲೆಗಳ ಮಲಯಾಳಿ ಮಕ್ಕಳೂ ನಮ್ಮ ಕಡೆಯ ಗುರುಗಳ ಹತ್ರ ಕಲಿತು, ಅರ್ಥಗಾರಿಕೆಯನ್ನು, ಅಂದ್ರೆ ಪಾತ್ರ ಆಡುವ ಕನ್ನಡ ಮಾತನ್ನು, ಮಲಯಾಳ ಲಿಪಿಯಲ್ಲಿ ಬರ್ಕೊಂಡು ಸ್ಟೇಜಿಗೆ ಬರ್ತಾರೆ. ಕುಣಿತದಲ್ಲಿ ನಮ್ಮವರನ್ನು ಮೀರಿಸುವವರೂ ಉಂಟು. ನಮ್ಮ ಶಾಲೆಯಲ್ಲಿ ಅಭ್ಯಾಸ ಸಂಜೆ ನಾಲ್ಕರ ಮೇಲೆ, ಕನ್ನಡ ಪಂಡಿತರು ಮಾತು ಬರೆದುಕೊಡ್ತಿದ್ರು, ತಪ್ಪು ಉಚ್ಚಾರಕ್ಕೆ ಬೆತ್ತ. ಮನೆಯಲ್ಲಿ ಬ್ಯಾರಿ ಮಾತಾಡುವ ಹುಡುಗನೊಬ್ಬ ನಮ್ಮ ತಂಡದಲ್ಲಿ ಕೃಷ್ಣ ಆಗಿದ್ದ, ಅವನ ‘ಅರ್ಜುನಾ’ ಅನ್ನುವ ಕರೆಯಷ್ಟು ಚಂದದ್ದು ಆಮೇಲೆ ಮೇಳದಲ್ಲೂ ನಾನು ಕೇಳ್ಲಿಲ್ಲ. ನನ್ನ ಕನ್ನಡದ ಅರ್ಧ ಆ ಸಂಜೆಗಳದ್ದು.

ಮತ್ತೆ ನಮ್ಮ ಕಡೆ ಮಾಷ್ಟ್ರು ಅಂದ್ರೆ ಅದೊಂದು ಬೇರೆಯೇ ಸ್ಥಾನ. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ಹೈಸ್ಕೂಲಿನಲ್ಲಿ ಮಾಷ್ಟ್ರು, ಮನೆಯಲ್ಲಿ ಕೃಷಿಕ, ಊರಿಗೆ ಕವಿ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಕಡೆಯ ತನಕ ಹೇಳಿದವರು. ನೂರು ವರ್ಷ ತುಂಬಿಸಿ 2015ರಲ್ಲಿ ಹೋದ್ರು. ನನ್ನ ಅಪ್ಪನ ತಲೆಮಾರಿನವರಿಗೆ ಅವರ ಹೆಸರು ಹೇಳುವಾಗ ಈಗಲೂ ಸ್ವರ ಬದಲಾಗ್ತದೆ. ಮಂಜೇಶ್ವರದ ಗೋವಿಂದ ಪೈಗಳನ್ನು 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಅಂತ ಕರೆಯಿತು, ಅದನ್ನು ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಕ್ವಿಜ್ಜಿನಲ್ಲಿ ಕೇಳ್ತಿದ್ರು, ಪ್ರತಿ ವರ್ಷ ಅದಕ್ಕೆ ಒಂದು ಸ್ಟೀಲ್ ಲೋಟ ಬಹುಮಾನ.

ನೆನಪು ಅಂದ್ರೆ ಎಲ್ಲ ಸಿಹಿ ಅಲ್ಲ. ನಮ್ಮ ಪಂಚಾಯತಿನ ಗುಡ್ಡೆಗಳಲ್ಲಿ ಸರಕಾರಿ ಗೇರು ತೋಟ. ವರ್ಷ ವರ್ಷ ಹೆಲಿಕಾಪ್ಟರ್ ಬಂದು ಮದ್ದು ಬಿಡ್ತಿತ್ತು. ಪಾಠ ನಿಲ್ಲಿಸಿ ಅಂಗಳಕ್ಕೆ ಓಡಿ ಬಂದು ಕೈ ಬೀಸ್ತಿದ್ದೆವು, ಅಷ್ಟು ಹತ್ರ ಹಾರುವ ಹೆಲಿಕಾಪ್ಟರ್ ಬೇರೆಲ್ಲಿ ಸಿಗ್ತದೆ? ಅದು ಎಂಡೋಸಲ್ಫಾನ್ ಅನ್ನುವ ಕೀಟನಾಶಕ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದು ನಿಂತದ್ದು 2000ದಲ್ಲಿ. ನಮ್ಮ ಎಣ್ಮಕಜೆ ಪಂಚಾಯತಿನ ಮನೆಗಳಲ್ಲಿ ಅದರಿಂದ ಏನಾಯ್ತು ಅಂತ ಆಮೇಲೆ ದೇಶವೆಲ್ಲ ನೋಡಿತು. ನಮ್ಮ ಜೊತೆಗಿನ ಒಬ್ಬಳ ತಮ್ಮ ಶಾಲೆಗೆ ಬರಲೇ ಇಲ್ಲ, ಮನೆಯ ಜಗಲಿಯಲ್ಲೇ ಇದ್ದ. ಊರಿನ ಸೊಬಗಿನ ಬಗ್ಗೆ ಯಾರಾದ್ರೂ ಉದ್ದಕ್ಕೆ ಬರೆದು ಇದನ್ನು ಬಿಟ್ರೆ ನನಗೆ ಸಿಟ್ಟು ಬರ್ತದೆ.

ತೊಂದರೆ ಏನಿತ್ತು ಅಂತಲೂ ಕೇಳ್ತಾರೆ. ಕನ್ನಡ ಪಠ್ಯಪುಸ್ತಕ ಯಾವಾಗಲೂ ಕೊನೆಗೆ ಬರೋದು, ಕೆಲವು ವರ್ಷ ಓಣಂ ಪರೀಕ್ಷೆ ಮುಗಿದ ಮೇಲೆ. ಹೈಸ್ಕೂಲಿನಲ್ಲಿ ಒಮ್ಮೆ ಗಣಿತಕ್ಕೆ ಬಂದ ಸರ್‌ಗೆ ಕನ್ನಡವೇ ಬರ್ತಿರ್ಲಿಲ್ಲ, ಪಾಪ, ಅವರು ಮಲಯಾಳದಲ್ಲಿ ಹೇಳೋದು, ಮುಂದಿನ ಬೆಂಚಿನ ಹುಡುಗಿ ಕನ್ನಡಕ್ಕೆ ತಿರುಗಿಸೋದು, ಹಿಂದಿನ ಬೆಂಚಿಗೆ ಅದು ತುಳುವಿನಲ್ಲಿ ತಲುಪೋದು. ಆಗ ಎಸ್ಸೆಸ್ಸೆಲ್ಸಿಯಲ್ಲಿ 600ಕ್ಕೆ 210 ಬಂದ್ರೆ ಪಾಸು, ನಮ್ಮ ಕ್ಲಾಸಿನ ಕೆಲವರು ಗಣಿತದಿಂದಾಗಿಯೇ ಅಲ್ಲಿ ತನಕ ಮುಟ್ಟಲಿಲ್ಲ. ಕನ್ನಡ ಮಕ್ಕಳಿಗೆ ಕನ್ನಡ ಗೊತ್ತಿಲ್ಲದ ಮಾಷ್ಟ್ರನ್ನು ಹಾಕುವುದು ಇವತ್ತಿಗೂ ಊರಿನಲ್ಲಿ ಜಗಳದ ವಿಷಯವೇ.

ಇನ್ನೊಂದು, ನಾವು ಭಾಷೆಯ ಎರಡೂ ಪೇಪರಿಗೆ ಕನ್ನಡವನ್ನೇ ತಗೊಂಡವರು, ಹಾಗಾಗಿ ಹತ್ತನೇ ಕ್ಲಾಸ್ ಪಾಸಾದರೂ ಮಲಯಾಳದ ಒಂದಕ್ಷರ ಓದ್ಲಿಕ್ಕೆ ಬರ್ತಿರ್ಲಿಲ್ಲ. ಮಾತಾಡ್ಲಿಕ್ಕೆ ಧಾರಾಳ ಬರ್ತದೆ, ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಮಾತ್ರ ಗೊತ್ತಾಗೋದಿಲ್ಲ, ಬಸ್ಸಿನ ಬಣ್ಣ ನೋಡಿ ಹತ್ತುವುದು. ಮುಂದೆ ಸರಕಾರಿ ಆಫೀಸಿನ ಅರ್ಜಿ, ನೋಟಿಸು ಎಲ್ಲಕ್ಕೂ ಯಾರದ್ದಾದ್ರೂ ಕಾಲು ಹಿಡೀಬೇಕು. 2017ರಲ್ಲಿ ಮಲಯಾಳ ಕಡ್ಡಾಯ ಅಂತ ಕಾನೂನು ಬಂದಾಗ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆ ಆಯ್ತು, ಕನ್ನಡದ ಜಾಗ ಕಿತ್ತುಕೊಂಡು ಮಲಯಾಳ ತುರುಕುವುದಕ್ಕೆ ನನ್ನದೂ ವಿರೋಧ. ಆದ್ರೆ ಇರುವ ರಾಜ್ಯದ ಅಕ್ಷರ ಮಕ್ಕಳಿಗೆ ಗೊತ್ತಿರಬಾರದು ಅನ್ನುವ ಹಟ ಕೆಲವರಲ್ಲಿ ಉಂಟಲ್ಲ, ಅದೂ ಮಕ್ಕಳಿಗೇ ನಷ್ಟ. ಇದನ್ನು ಹೇಳಿದ್ದಕ್ಕೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ನನಗೆ ಸರಿಯಾಗಿ ಸಿಕ್ಕಿದೆ, ಇರಲಿ.

ಕೊನೆಗೆ ಎಲ್ಲರೂ ಕೇಳೋದು, ಆ ಶಾಲೆ ಈಗಲೂ ಉಂಟಾ ಅಂತ. ಉಂಟು. ಹೆಂಚು ಹೋಗಿ ಕಾಂಕ್ರೀಟು ಬಂದಿದೆ, ಗಂಜಿ ಹೋಗಿ ಅನ್ನ ಸಾಂಬಾರು ಬಂದಿದೆ, ಇಂಗ್ಲಿಷ್ ಮೀಡಿಯಂನ ಹಳದಿ ಬಸ್ಸುಗಳು ಬೆಳಿಗ್ಗೆ ಗೇಟಿನ ಎದುರೇ ಹೋಗ್ತವೆ, ಕನ್ನಡ ಕ್ಲಾಸಿನಲ್ಲಿ ಮಕ್ಕಳು ಕಮ್ಮಿ. ನನ್ನ ತಮ್ಮನ ಮಗಳು ಅಲ್ಲೇ ಎರಡನೇ ಕ್ಲಾಸು, ಕನ್ನಡದಲ್ಲೇ. ಬೆಂಗಳೂರಿನ ಗೆಳೆಯನೊಬ್ಬ ಕಳೆದ ಸಲ ಊರಿಗೆ ಬಂದಾಗ ನನ್ನ ತಮ್ಮನ ಕೈ ಹಿಡಿದು, ಗಡಿನಾಡಿನಲ್ಲಿ ಇದ್ದೂ ಮಗಳನ್ನು ಕನ್ನಡ ಶಾಲೆಗೆ ಹಾಕಿದ್ದೀರಲ್ಲ, ದೊಡ್ಡ ಮಾತು ಅಂದ. ತಮ್ಮ ಅಡಿಕೆ ಸುಲೀತಾ ಇದ್ದವನು ತಲೆ ಎತ್ತಿ, ‘ಹಾಗೆಲ್ಲ ಎಂತದೂ ಇಲ್ಲ ಮಾರಾಯ್ರೆ, ನಡ್ಕೊಂಡು ಹೋಗ್ಲಿಕ್ಕಾಗ್ತದೆ, ಟೀಚರ್ ಒಳ್ಳೆಯವರು’ ಅಂದ.