ಗೇಣುದ್ದದ ಮೀನಿಗೆ 17 ಫೋಟೊ

ಬೆಳಿಗ್ಗೆ ಐದೂವರೆಗೆ ಎದ್ದು ರಾಗಿ ಮುದ್ದೆ ತೊಳಸುತ್ತೇನೆ. ಅಡುಗೆಯವನಲ್ಲ, ಮುದ್ದೆ ಮೀನಿಗೆ. ತೆಪ್ಪಕ್ಕೆ ಹುಟ್ಟು ಹಾಕುತ್ತೇನೆ, ಅಂಬಿಗನೂ ಅಲ್ಲ. ಕುಶಾಲನಗರಕ್ಕೂ ಸಿದ್ದಾಪುರಕ್ಕೂ ನಡುವೆ ಕಾವೇರಿ ದಡದ ಒಂದು ಹೋಂಸ್ಟೇಯಲ್ಲಿ ಗಾಳ ಹಾಕಲು ಬರುವವರ ಜೊತೆಗಿರುವುದು ನನ್ನ ಕೆಲಸ. ಈಗ ಗೈಡ್ ಅನ್ನುತ್ತಾರೆ, ಹಳಬರು ಗಿಲ್ಲಿ ಅನ್ನುತ್ತಿದ್ದರು. ನಮ್ಮ ದಡದಲ್ಲಿ ಪರವಾನಗಿ ಇದ್ದವರಿಗೆ ಮಾತ್ರ ಅವಕಾಶ. ಹಿಡಿದ ಮೀನನ್ನು ಬಿಡಲೇಬೇಕು. ಈ ಎರಡು ನಿಯಮ ಎಲ್ಲರಿಗೂ ಗೊತ್ತು. ಹಿಡಿದದ್ದಕ್ಕೂ ಬಿಟ್ಟದ್ದಕ್ಕೂ ನಡುವೆ ಏನು ನಡೆಯಬೇಕು ಅನ್ನುವುದನ್ನು ಮಾತ್ರ ಯಾರೂ ಬರೆದು ಕೊಟ್ಟಿರಲಿಲ್ಲ. ನಾನು ಕಲಿತದ್ದು ಅಲ್ಲೇ, ಅದೂ ತಪ್ಪು ಮಾಡಿ.

ಮೂರು ವರ್ಷದ ಹಿಂದಿನ ಮಾರ್ಚ್. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ. ಎರಡೂ ದಡದ ಕಾಫಿ ತೋಟಗಳ ಪಂಪುಗಳು ಹಗಲೂ ರಾತ್ರಿ ಹೊಳೆ ನೀರು ಎತ್ತುತ್ತಿದ್ದವು. ಬಂಡೆಗಳೆಲ್ಲ ಬೆನ್ನು ತೋರಿಸಿಕೊಂಡು ಬಿಸಿಲಿಗೆ ಮಲಗಿದ್ದವು. ಬೆಂಗಳೂರಿನಿಂದ ಒಬ್ಬರು ಮಗನ ಜೊತೆ ಬಂದಿದ್ದರು. ಹುಡುಗನಿಗೆ ಒಂಬತ್ತೋ ಹತ್ತೋ ವರ್ಷ. ಎರಡು ದಿನ ಕೂತರೂ ಏನೂ ಕಚ್ಚಿರಲಿಲ್ಲ. ಎರಡನೇ ದಿನ ಸಂಜೆ ನಾಲ್ಕರ ಹೊತ್ತಿಗೆ ಹುಡುಗನ ರಾಡ್ ತುದಿ ಎರಡು ಸಲ ಬಾಗಿತು. ಎಳೆದರೆ ಒಂದು ಮಹಶೀರ್ ಮರಿ, ಗೇಣುದ್ದ ಇದ್ದರೆ ಹೆಚ್ಚು. ನಮ್ಮ ಕಡೆ ಹಳಬರು ಬಿಳಿ ಮೀನು ಅನ್ನುವುದು ಇದಕ್ಕೇ. ಹುಡುಗ ಕುಣಿದುಬಿಟ್ಟ. ಅವನ ಮೊದಲ ಮೀನು.

ಮೊದಲು ಹುಡುಗ ಒಬ್ಬನೇ ಹಿಡಿದುಕೊಂಡ ಫೋಟೊ. ಆಮೇಲೆ ಅಪ್ಪ ಮಗ. ಆಮೇಲೆ ಮೀನಿಗೆ ಮುತ್ತು ಕೊಡುವ ಫೋಟೊ. ಅದರಲ್ಲಿ ಹುಡುಗ ಕಣ್ಣು ಮುಚ್ಚಿದ್ದ, ಇನ್ನೊಂದು ಬೇಕಾಯಿತು. ನಡುವೆ ಮೀನು ಕೈಜಾರಿ ಬಂಡೆ ಮೇಲೆ ಬಿತ್ತು. ಅಪ್ಪ ಅದನ್ನು ಒಣ ಟವೆಲಿನಲ್ಲಿ ಹಿಡಿದೆತ್ತಿದರು. "ಬಾಸ್, ಹಿಂದೆ ಹೊಳೆ ಬರೋ ಹಾಗೆ ಇನ್ನೊಂದು ತೆಗೀರಿ." ನಾನೇ ತೆಗೆದೆ, ನನ್ನದೇ ಫೋನಿನಲ್ಲಿ. ಅವರ ಫೋನಿನ ಚಾರ್ಜ್ ಮುಗಿದಿತ್ತು. ಸಾಕು ಸಾರ್ ಅನ್ನಬೇಕು ಅಂತ ನಾಲಿಗೆ ತುದಿಗೆ ಬಂದದ್ದು ನಿಜ. ಆದರೆ ಎರಡು ದಿನ ಬರಿಗೈಲಿ ಕೂತ ಗಿರಾಕಿ, ನಾಳೆ ಹೊರಡುವವರು, ಟಿಪ್ಸ್ ಕೊಡುವವರು. ಬಾಯಿ ಮುಚ್ಚಿಕೊಂಡೆ. ಕೊನೆಗೆ ನೀರಿಗೆ ಬಿಟ್ಟಾಗ ಮೀನು ಒಂದು ಕ್ಷಣ ವಾಲಿ, ಬಾಲ ಬೀಸಿ ಆಳಕ್ಕೆ ಹೋಯಿತು. ಮೂವರೂ ಚಪ್ಪಾಳೆ ತಟ್ಟಿದೆವು.

ಮರುದಿನ ಬೆಳಿಗ್ಗೆ ತೆಪ್ಪ ತೊಳೆಯಲು ಇಳಿದಾಗ ಕೆಳಗಿನ ಗುಂಡಿಯಲ್ಲಿ, ಬೇರಿನ ಸಂದಿಯಲ್ಲಿ, ಅದೇ ಅಳತೆಯ ಮರಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅದೇ ಮೀನು ಅಂತ ಆಣೆ ಮಾಡಿ ಹೇಳಲಾರೆ. ಒಂದು ಪಕ್ಕದಲ್ಲಿ ಹುರುಪೆ ಎದ್ದಿತ್ತು. ಫೋನ್ ತೆಗೆದು ನೋಡಿದೆ. ಕೊನೆಯ ಫೋಟೊದಲ್ಲೂ ಅದೇ ಪಕ್ಕದಲ್ಲಿ, ಟವೆಲ್ ಉಜ್ಜಿದಲ್ಲಿ, ಹುರುಪೆ ಎದ್ದಿತ್ತು.

ಆಗ ಮಾಡಿದ ಕೆಲಸ ಇನ್ನೊಂದು. ಗ್ಯಾಲರಿಯಲ್ಲಿ ಪ್ರತಿ ಫೋಟೊಗೂ ಗಂಟೆ, ನಿಮಿಷ, ಸೆಕೆಂಡು ದಾಖಲಾಗಿರುತ್ತದಲ್ಲ. ಮೊದಲನೆಯದು 4:12:08. ಹದಿನೇಳನೆಯದು 4:13:56. ಒಂದು ನಿಮಿಷ ನಲವತ್ತೆಂಟು ಸೆಕೆಂಡು. ನನ್ನನ್ನು ಕೇಳಿದ್ದರೆ ಅರ್ಧ ನಿಮಿಷ ಅಂತ ಧೈರ್ಯವಾಗಿ ಹೇಳುತ್ತಿದ್ದೆ.

ನಮ್ಮಲ್ಲಿ ಹಿರಿಯ ಗೈಡ್ ಒಬ್ಬರಿದ್ದಾರೆ, ಎಲ್ಲರಿಗೂ ಅವರು ಅಜ್ಜ. ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೊ ಸರಿಸಿ ನೋಡಿ, "ಈಜಿ ಹೋಯಿತು ಅಂದರೆ ಬದುಕಿತು ಅಂತ ಅಲ್ಲ ಮಾರಾಯ. ಏಟು ತಿಂದವನೂ ಮನೆ ತನಕ ನಡೆದೇ ಹೋಗುತ್ತಾನೆ" ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಅದೇ ಏಪ್ರಿಲ್‌ನಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ಬಂದಿದ್ದ. ಅವನಿಂದ ಒಳಗಿನ ವಿಷಯ ತಿಳಿಯಿತು. ಮೀನಿನ ಕಿವಿರು ಅಂದರೆ ನೂರಾರು ತೆಳು ಎಳೆಗಳು, ನೀರು ಆಡಿಸುತ್ತಿದ್ದರೆ ಮಾತ್ರ ಬಿಡಿಬಿಡಿಯಾಗಿ ನಿಲ್ಲುತ್ತವೆ. ಗಾಳಿಗೆ ತೆಗೆದರೆ ಒದ್ದೆ ಕೂದಲಿನ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಷ್ಟು ಆಮ್ಲಜನಕ ಸುತ್ತ ಇದ್ದರೂ ಮೀನಿಗೆ ಸಿಗುವುದಿಲ್ಲ. ಗಾಳದಲ್ಲಿ ಒದ್ದಾಡಿ ಸುಸ್ತಾದ ಮೇಲೆ ಹೀಗಾದರೆ, ನೂರು ಮೀಟರ್ ಓಡಿ ಬಂದವನ ಮೂಗು ಬಾಯಿ ಮುಚ್ಚಿ ನಗು ಅಂದ ಹಾಗೆ. ಕೆನಡಾದಲ್ಲಿ 1992ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಲೆಕ್ಕವನ್ನೂ ಅವನು ಹೇಳಿದ. ರೇನ್‌ಬೋ ಟ್ರೌಟ್ ಮೀನನ್ನು ಓಡಿಸಿ ಸುಸ್ತು ಮಾಡಿ, ಗಾಳಿಗೆ ತೆಗೆಯದೆ ಬಿಟ್ಟಾಗ ಸತ್ತದ್ದು ಶೇ 12. ಮೂವತ್ತು ಸೆಕೆಂಡು ಮೇಲೆತ್ತಿದಾಗ ಶೇ 38. ಒಂದು ನಿಮಿಷ ಎತ್ತಿದಾಗ ಶೇ 72.

"ಟ್ರೌಟ್ ತಂಪು ನೀರಿನ ಮೀನು ಅಣ್ಣ, ಇದನ್ನು ನೇರ ಮಹಶೀರ್‌ಗೆ ಹಚ್ಚಬೇಡಿ" ಅಂತ ಅವನೇ ಸೇರಿಸಿದ. ಅವನ ಪ್ರಾಮಾಣಿಕತೆ ನನಗೆ ಹಿಡಿಸಿತು. ನಮ್ಮ ಕಾವೇರಿಯಲ್ಲೇ ನೀಲಿ ರೆಕ್ಕೆಯ ಮಹಶೀರ್ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಮೀನು ಹಿಡಿದು ಬಿಡುವುದನ್ನು ಸಾಕಷ್ಟು ತಡೆದುಕೊಳ್ಳುತ್ತದೆ ಎಂದೇ ಕಂಡುಬಂದಿದೆಯಂತೆ. ಇದನ್ನು ಕೇಳಿ ಸ್ವಲ್ಪ ಹಗುರವಾದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಪ್ರಯೋಗದ ಮೀನುಗಳನ್ನು ಹಿಡಿದದ್ದು ಹೇಗೆ ಹಿಡಿಯಬೇಕು ಅಂತ ತಿಳಿದವರು. ಬಂಡೆಗೆ ಬೀಳಿಸಿ, ಟವೆಲಿನಲ್ಲಿ ಉಜ್ಜಿ, ಎರಡು ನಿಮಿಷ ಮೆರವಣಿಗೆ ಮಾಡಿದವರಲ್ಲ.

ಚಿಕ್ಕ ಮೀನಿನ ಕಷ್ಟವೇ ಬೇರೆ. ಹತ್ತು ಕೆ.ಜಿ. ಮೀನನ್ನು ಎತ್ತಲು ಜನರಿಗೆ ಭಯ ಇರುತ್ತದೆ, ನೀರಿನಲ್ಲೇ ಮೊಣಕಾಲೂರಿ ಹಿಡಿಯುತ್ತಾರೆ, ನಾನೂ ಪಕ್ಕದಲ್ಲೇ ಇರುತ್ತೇನೆ. ಮರಿ ಸಿಕ್ಕಿದರೆ ಅದು ಆಟದ ಸಾಮಾನು. ಒಂದೇ ಕೈಯಲ್ಲಿ ಮುಷ್ಟಿ ಕಟ್ಟಿ ಹಿಡಿಯುತ್ತಾರೆ, ಜಾರುತ್ತದೆ ಅಂತ ಇನ್ನೂ ಒತ್ತುತ್ತಾರೆ. ಒಳಗಿನ ಕರುಳು, ಪಿತ್ತಕೋಶ ಎಲ್ಲ ಹೆಬ್ಬೆರಳಿನ ಕೆಳಗೇ ಇರುತ್ತದೆ. ಮೈಮೇಲಿನ ಲೋಳೆ ಹೋದರೆ ಒಂದೆರಡು ದಿನದಲ್ಲಿ ಅಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಹಿಡಿಯುತ್ತದೆ. ಅದರ ಮೇಲೆ ಬೇಸಿಗೆಯ ನೀರು. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ. ಸುಸ್ತಾಗಿ ವಾಪಸ್ ಹೋದ ಮರಿಗೆ ಮನೆಯಲ್ಲೂ ಉಸಿರು ಕಡಿಮೆ.

ಹಾಗಾದರೆ ಫೋಟೊವೇ ಬೇಡ ಅಂದೆನೇ? ಒಂದು ಸೀಸನ್ ಹಾಗೇ ಅಂದೆ. ಗಿರಾಕಿಗಳ ಮುಖ ಸಪ್ಪೆ, ಹೋಂಸ್ಟೇ ಸಾಹುಕಾರರ ಮುಖ ಕೆಂಪು. "ಊಟದ ಫೋಟೊ ಹಾಕ್ತಾರೆ, ಬಾತ್‌ರೂಂ ಫೋಟೊ ಹಾಕ್ತಾರೆ, ಮೀನಿದು ಮಾತ್ರ ಬೇಡ್ವಾ?" ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಫೋಟೊ ಇಲ್ಲದ ಕಾಲದಲ್ಲಿ ಸಾಕ್ಷಿಗೆ ಮೀನನ್ನೇ ಹೊತ್ತು ತರಬೇಕಿತ್ತು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದರು ಅಂತ ಇವತ್ತಿಗೂ ಹೇಳುತ್ತೇವೆ. ಆ ಕಾಲದ ಪಟಗಳಲ್ಲಿ ಕೋಲಿಗೆ ತೂಗುಬಿದ್ದ ಮೀನು, ಪಕ್ಕದಲ್ಲಿ ಹ್ಯಾಟು ಹಾಕಿದ ದೊರೆ. ಜೀವಂತ ಮೀನಿನ ಫೋಟೊ ಸಾಕು ಅಂತ ಜನ ಒಪ್ಪಿಕೊಂಡದ್ದೇ ದೊಡ್ಡದು. ಅದನ್ನೂ ಕಿತ್ತುಕೊಂಡರೆ ಕೆಲವರು ಮತ್ತೆ ಚೀಲ ತರುತ್ತಾರೆ.

ನನಗೆ ದಾರಿ ಕಾಣಿಸಿದ್ದು ಪುಸ್ತಕದಲ್ಲಿ. ನಮ್ಮಲ್ಲೊಂದು ಲಾಂಗ್ ನೋಟ್‌ಬುಕ್ ಇತ್ತು, ದೊಡ್ಡ ಮೀನು ಸಿಕ್ಕರೆ ಮಾತ್ರ ಬರೆಯುತ್ತಿದ್ದೆವು. ಕೆಳಗೆ ಕನಕಪುರದ ಕಡೆ ಗಾಳಿಬೋರೆ ಕ್ಯಾಂಪಿನಲ್ಲಿ ಹಾಗಲ್ಲ, ಸಿಕ್ಕಿದ್ದನ್ನೆಲ್ಲ ಬರೆಯುತ್ತಿದ್ದರಂತೆ. 1998ರಿಂದ 2012ರವರೆಗಿನ ಆ ದಾಖಲೆಯನ್ನು ವಿಜ್ಞಾನಿಗಳು ಕೂಡಿಸಿ ನೋಡಿದರು: 23,620 ಗಂಟೆಗಳ ಗಾಳ, 6,161 ಮಹಶೀರ್. ವರ್ಷ ಕಳೆದಂತೆ ಸಿಗುವ ಮೀನಿನ ಸಂಖ್ಯೆ ಏರಿತ್ತು, ಗಾತ್ರ ಇಳಿದಿತ್ತು. ಏರಿದ್ದು ನೀಲಿ ರೆಕ್ಕೆಯದು. ಅದು ಲೋನಾವಳದ ಹ್ಯಾಚರಿಯಲ್ಲಿ ಮರಿ ಮಾಡಿಸಿ ತಂದು ನಮ್ಮ ಹೊಳೆಗೆ ಬಿಟ್ಟ ಜಾತಿ. ಕಾವೇರಿಯದೇ ಆದ ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಸದ್ದಿಲ್ಲದೆ ಇಳಿಯುತ್ತಿತ್ತು. ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಅದೇ ವರ್ಷ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಗೆ, ಅಳಿವಿನ ತೀವ್ರ ಅಪಾಯದಲ್ಲಿರುವ ಜಾತಿಯಾಗಿ ಸೇರಿತು. ಹೆಸರಿಡುವ ಮೊದಲೇ ಸೂತಕ ಮನೆ ಬಾಗಿಲಿಗೆ ಬಂದ ಹಾಗೆ.

ಇದನ್ನು ಓದಿಸಿಕೊಂಡ ಮೇಲೆ ನಮ್ಮ ಪುಸ್ತಕ ತೆಗೆದೆ. ಐದು ವರ್ಷದಲ್ಲಿ ಮರಿಗಳ ಲೆಕ್ಕ ಒಂದೂ ಇಲ್ಲ. ಬಿಳಿ ಮೀನಿನ ಮರಿ, ಗೆಂಡೆ ಮರಿ, ಜಿಲೇಬಿ ಮೀನು, ಏನೂ ಬರೆದಿಲ್ಲ. ಆದರೆ ನನ್ನ ಫೋನಿನಲ್ಲಿ ಮರಿಗಳ ಫೋಟೊ ನೂರಕ್ಕೂ ಮೇಲೆ. ಮರಿ ಸಿಗುತ್ತಿದೆ ಅಂದರೆ ಎಲ್ಲೋ ಮಳೆಗಾಲದಲ್ಲಿ ಮೊಟ್ಟೆಯಿಟ್ಟಿವೆ ಅಂತ ಅರ್ಥ. ಯಾವ ಜಾತಿಯದು, ಎಷ್ಟು ಉದ್ದ, ಯಾವ ತಿಂಗಳು ಅನ್ನುವುದು ದೊಡ್ಡ ಮೀನಿನ ತೂಕಕ್ಕಿಂತ ಹೆಚ್ಚಿನ ಸುದ್ದಿ. ಫೋಟೊಗಳಲ್ಲಿ ಇದಾವುದೂ ಸರಿಯಾಗಿ ಕಾಣುವುದಿಲ್ಲ. ಹುಡುಗನ ಹಲ್ಲು ಚೆನ್ನಾಗಿ ಕಾಣುತ್ತದೆ, ಮೀನಿನ ರೆಕ್ಕೆ ಅವನ ಬೆರಳ ಹಿಂದೆ.

ಈಗ ನಾನು ಮಾಡುವುದು ಇಷ್ಟು. ಗಾಳದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮೊದಲೇ ಚಪ್ಪಟೆ ಮಾಡಿರುತ್ತೇನೆ, ಬಿಡಿಸುವುದು ಎರಡೇ ಕ್ಷಣದ ಕೆಲಸ. ಮೊಳಕ್ಕಿಂತ ಚಿಕ್ಕ ಮೀನನ್ನು ಯಾರೂ ನೀರಿನಿಂದ ಎತ್ತುವಂತಿಲ್ಲ, ಅದು ಮಂತ್ರಿಯಾಗಲಿ ಮಂತ್ರಿ ಮಗನಾಗಲಿ. ಬಲೆಯ ಒಳಗೆ, ನೀರಿನಲ್ಲೇ, ಕೈ ಒದ್ದೆ ಮಾಡಿಕೊಂಡು ನೋಡಬಹುದು. ಬಲೆಯ ಹಿಡಿಗೆ ಸೆಂಟಿಮೀಟರ್ ಗುರುತು ಹಾಕಿದ್ದೇನೆ. ರೆಕ್ಕೆಯ ಬಣ್ಣ ನೋಡಿ ಪುಸ್ತಕಕ್ಕೆ ಬರೆಯುತ್ತೇವೆ, ಮಕ್ಕಳು ಬಂದಿದ್ದರೆ ಅವರ ಕೈಯಲ್ಲೇ ಬರೆಸುತ್ತೇನೆ. ಕಿತ್ತಳೆ ಬಣ್ಣದ ಸುಳಿವಿದ್ದರೆ ಅಥವಾ ಗುರುತು ಸಿಗದ ಮೀನಾದರೆ ಮಾತ್ರ ನಾನೇ ಮೇಲಿಂದ ಒಂದು ಫೋಟೊ ತೆಗೆಯುತ್ತೇನೆ. ಮೂರು ವರ್ಷದಲ್ಲಿ ಹಾಗೆ ತೆಗೆದದ್ದು ನಾಲ್ಕು ಸಲ.

ದೊಡ್ಡ ಮೀನಿಗೆ ಅಜ್ಜನ ಉಪಾಯ ಇದೆ: ಎತ್ತುವಾಗ ನೀವೂ ಉಸಿರು ಬಿಗಿಹಿಡಿಯಿರಿ, ನಿಮಗೆ ಉಸಿರು ಬೇಕು ಅನ್ನಿಸಿದ ಕೂಡಲೇ ನೀರಿಗಿಳಿಸಿ. ಗಿರಾಕಿಗಳು ಮಾಡುತ್ತಾರೆ, ಪಾಪ. ಫೋಟೊದಲ್ಲಿ ಎಲ್ಲರ ಕೆನ್ನೆಯೂ ಮಂಗನ ಕೆನ್ನೆ. ಬೀಡಿ ಸೇದುವ ಅಜ್ಜ ಐದು ಸೆಕೆಂಡಿಗೇ ಕೆಮ್ಮುತ್ತಾರೆ, ಹಾಗಾಗಿ ಅವರ ಮೀನುಗಳು ಎಲ್ಲಕ್ಕಿಂತ ಸುಖಿಗಳು.

ಫೋಟೊ ಹೊಳೆಯ ಗುಟ್ಟು ಬಿಟ್ಟುಕೊಡುವುದು ಇನ್ನೊಂದು ತಲೆನೋವು. ಹಿಂದೆ ಕಾಣುವ ಬಂಡೆ, ಅತ್ತಿ ಮರ, ಮೇಲೆ ಜಾಗದ ಹೆಸರು. ಒಮ್ಮೆ ಹಾಗೆ ಹಾಕಿದ ಹತ್ತು ದಿನಕ್ಕೆ ಅದೇ ಮಡುವಿನ ಹತ್ತಿರ ರಾತ್ರಿ ಟಾರ್ಚ್ ಬೆಳಕು ಓಡಾಡಿತು. ಬೆಳಿಗ್ಗೆ ಹರಿದ ಬಲೆ ಸಿಕ್ಕಿತು. ಫೋಟೊದಿಂದಲೇ ಬಂದರು ಅಂತ ಹೇಗೆ ಹೇಳಲಿ. ಆದರೆ ಅಂದಿನಿಂದ ಹೊಳೆಗೆ ಬೆನ್ನು ಹಾಕಿಸಿ ನಿಲ್ಲಿಸುವುದಿಲ್ಲ, ದಡದ ಹುಲ್ಲಿಗೆ ಬೆನ್ನು.

ಊರಿನವರಿಗೆ ಈ ಗಲಾಟೆಯೆಲ್ಲ ನಗೆಪಾಟಲು, ಅದನ್ನೂ ಹೇಳಬೇಕು. ಜೂನ್ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುಮೀನು ಬಂದಾಗ ಬಿದಿರಿನ ಕೂಳಿ ಇಟ್ಟು ಹಿಡಿದು ಬೆಳೆದವರು ನಾವು. ಅಮ್ಮ ಕೊಯಿಲೆ ಮೀನಿಗೆ ಖಾರ, ಕಾಚಂಪುಳಿ ಹಚ್ಚಿ ಹುರಿದರೆ ಎರಡು ರೊಟ್ಟಿ ಜಾಸ್ತಿ ಇಳಿಯುತ್ತಿತ್ತು. "ಮರಿ ಮೀನು ತಿಂದು ದೊಡ್ಡವನಾಗಿ ಈಗ ಮರಿ ಮೀನಿಗೆ ಫೋಟೊ ಬೇಡ ಅಂತೀಯಲ್ಲ" ಅಂತ ತಂಗಿ ಛೇಡಿಸುತ್ತಾಳೆ. ತಿನ್ನಲು ಹಿಡಿದದ್ದು ಹೊಟ್ಟೆಗೆ ಹೋಯಿತು, ಲೆಕ್ಕ ಮುಗಿಯಿತು. ಬಿಡುತ್ತೇನೆ ಅಂತ ಹೇಳಿ ಹಿಡಿದದ್ದು ಬದುಕಬೇಕಲ್ಲ, ಇಲ್ಲದಿದ್ದರೆ ಗಿರಾಕಿಗೂ ಮೀನಿಗೂ ಇಬ್ಬರಿಗೂ ಸುಳ್ಳು ಹೇಳಿದ ಹಾಗೆ. ಅವಳಿಗೆ ಇದು ಪೂರ್ತಿ ಒಪ್ಪಿಗೆ ಆಗಿಲ್ಲ.

ಸಾಹುಕಾರರ ಜೊತೆ ಕೊನೆಗೊಂದು ರಾಜಿ ಆಯಿತು. ಗೇಟಿನ ಹತ್ತಿರ ಅತಿಥಿಗಳ ಮೀನಿನ ಫೋಟೊ ಬೋರ್ಡ್ ಇತ್ತಲ್ಲ, ಅಲ್ಲಿ ಈಗ ತಿಂಗಳ ಲೆಕ್ಕದ ಹಾಳೆ ಅಂಟಿಸುತ್ತೇವೆ. ಕಳೆದ ಅಕ್ಟೋಬರ್‌ನ ಮೊದಲ ಸಾಲು ಒಂದು ಏಳು ವರ್ಷದ ಹುಡುಗಿ ಬರೆದದ್ದು: "ನೀಲಿ ರೆಕ್ಕೆ, 14 ಸೆಂ.ಮೀ., ತುಂಬಾ ಸಿಟ್ಟಿತ್ತು." ನಿಂತು ಓದುವವರು ಕಡಿಮೆ. ಪಕ್ಕದಲ್ಲಿ ದುಬಾರೆ ಆನೆಯ ದೊಡ್ಡ ಪೋಸ್ಟರ್ ಇದೆ, ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ.