ಎರಡನೇ ಸಲ ಕೇಳಿದಾಗ

12 ಫೆಬ್ರವರಿ 2026, ಗುರುವಾರ ರಾತ್ರಿ

ಇವತ್ತು ಸೈಕಾಲಜಿ ಪ್ರಾಕ್ಟಿಕಲ್‌ನಲ್ಲಿ, ಮಕ್ಕಳ ಯೋಚನೆ ಹೇಗೆ ಬೆಳೆಯುತ್ತೆ ಅಂತ ಅಧ್ಯಯನ ಮಾಡಿದ ಪಿಯಾಜೆಯ ಪ್ರಯೋಗ. ಮೇಜಿನ ಮೇಲೆ ಎರಡು ಸಾಲು ಗುಂಡಿ, ಒಂದೊಂದರಲ್ಲಿ ಆರು. ಎದುರಿಗೆ ಐದು ವರ್ಷದ ಹುಡುಗಿ. "ಎರಡರಲ್ಲೂ ಒಂದೇ ಸಮ ಇದೆಯಾ?" ಅಂತ ಕೇಳಿದೆ. "ಹೂಂ" ಅಂದಳು. ಆಮೇಲೆ ಅವಳ ಕಣ್ಣೆದುರೇ ಒಂದು ಸಾಲಿನ ಗುಂಡಿಗಳನ್ನು ದೂರ ದೂರ ಸರಿಸಿ ಅದನ್ನೇ ಮತ್ತೆ ಕೇಳಿದೆ. ಅವಳು ಗುಂಡಿ ನೋಡಲಿಲ್ಲ. ನನ್ನ ಮುಖ ನೋಡಿದಳು. ಸ್ವಲ್ಪ ತಡೆದು, ಉದ್ದ ಸಾಲಿನ ಮೇಲೆ ಬೆರಳಿಟ್ಟು "ಇದ್ರಲ್ಲಿ ಜಾಸ್ತಿ" ಅಂದಳು.

ರೆಕಾರ್ಡ್‌ನಲ್ಲಿ ಸರಿ, ತಪ್ಪು ಅಂತ ಎರಡೇ ಕಾಲಂ. ಅವಳು ಮುಖ ನೋಡಿದ್ದನ್ನು ಎಲ್ಲಿ ಬರೆಯೋದು?

ಗುಂಡಿ ಹರಡಿದ ಮಾತ್ರಕ್ಕೆ ಲೆಕ್ಕ ಬದಲಾಗಲ್ಲ ಅನ್ನೋದು ಆ ವಯಸ್ಸಿಗೆ ಇನ್ನೂ ಗಟ್ಟಿಯಾಗಿರಲ್ಲ ಅಂತ ಪಿಯಾಜೆ ಹೇಳುತ್ತಾನೆ. ಆದರೆ ಉತ್ತರ ಹೇಳಿಯಾದ ಮೇಲೂ ದೊಡ್ಡವರು ಅದನ್ನೇ ಕೇಳಿದರೆ, ಮೊದಲು ಹೇಳಿದ್ದು ತಪ್ಪಿರಬೇಕು ಅಂತ ಯಾವ ಮಗುವಿಗಾದರೂ ಅನಿಸುತ್ತೆ, ಅಲ್ವಾ? 1974ರಲ್ಲೇ ರೋಸ್ ಮತ್ತು ಬ್ಲಾಂಕ್ ಅನ್ನೋ ಸಂಶೋಧಕರು ಇದನ್ನು ಪರೀಕ್ಷಿಸಿದ್ದರು. ಮೊದಲ ಪ್ರಶ್ನೆ ಬಿಟ್ಟು, ಸಾಲು ಬದಲಿಸಿದ ಮೇಲೆ ಮಾತ್ರ ಕೇಳಿದಾಗ ಮಕ್ಕಳ ತಪ್ಪು ಕಡಿಮೆಯಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್, ದೊಡ್ಡವರು ಬೇಕಂತಲೇ ಬದಲಿಸಿದ ಹಾಗೆ ಕಾಣದಿರಲಿ ಅಂತ, ಒಂದು ತುಂಟ ಟೆಡ್ಡಿ ಕರಡಿಯ ಕೈಯಲ್ಲಿ ಸಾಲು ಕೆಡಿಸಿದರು. ಆಗ "ಒಂದೇ ಸಮ" ಅಂದ ಮಕ್ಕಳು ಎಷ್ಟೋ ಜಾಸ್ತಿ.

ಇದನ್ನೆಲ್ಲ ಮೇಡಂ ಹತ್ರ ಒಂದೇ ಉಸಿರಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಾಗಂತ ಪಿಯಾಜೆ ಹೇಳಿದ್ದೆಲ್ಲ ಸುಳ್ಳಾಗಲ್ಲಮ್ಮ. ಕರಡಿ ಬಂದ ಮೇಲೂ ತಪ್ಪು ಹೇಳಿದ ಮಕ್ಕಳಿದ್ರಲ್ಲ, ಅವರನ್ನ ಏನು ಮಾಡ್ತೀಯ?" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಾಳೆ ಕಾಗ್ನಿಟಿವ್ ಪೇಪರಿನ ಟೆಸ್ಟ್ ಬೇರೆ. ವರ್ಕಿಂಗ್ ಮೆಮೊರಿ, ಅಂದರೆ ಯೋಚಿಸುವಾಗ ವಿಷಯವನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಹಿಡಿದಿಡೋ ನೆನಪು, ಅದರ ಮಾದರಿ ಕೊಟ್ಟ ಬ್ಯಾಡ್ಲಿ, ಹಿಚ್, ಅದೂ 1974. ನೋಟ್ಸ್ ತೆರೆದಿದ್ದೇನೆ, ತಲೆಗೆ ಹೋಗ್ತಿಲ್ಲ. ಸುಸ್ತಾಗಿದೆ, ಆದರೂ ಇಂಥ ದಿನಕ್ಕೇ ನಾನು ಈ ಕೋರ್ಸ್ ಸೇರಿದ್ದು. ಐದು ವರ್ಷದ ಮಗು ಗುಂಡಿ ಎಣಿಸೋ ಬದಲು ಮನುಷ್ಯರನ್ನು ಓದುತ್ತಿತ್ತಾ? ಅದನ್ನು ತಪ್ಪು ಅಂತ ಹೇಗೆ ಬರೆಯಲಿ?

ಮುಂದಿನ ಮಗುವಿಗೆ ಒಂದೇ ಸಲ ಕೇಳಿ ನೋಡಬೇಕು. ಆದರೆ ಹಾಗೆ ಮಾಡಿದರೆ, ಮೊದಲು ಎರಡು ಸಾಲೂ ಸಮ ಇದ್ದದ್ದು ಅದಕ್ಕೆ ಗೊತ್ತಿತ್ತೋ ಇಲ್ವೋ ಅನ್ನೋದು ನಮಗೆ ಹೇಗೆ ಗೊತ್ತಾಗುತ್ತೆ?